ವೈಕಿಂಗ್ ಟೈಮಲ್ಲಿ ನಮ್ಮೂರು

"ಅಪ್ಪಾ, ವೈಕಿಂಗ್ಸ್ ಇದ್ದ ಟೈಮಲ್ಲಿ ಅಜ್ಜನ ಊರಲ್ಲಿ ಏನಿತ್ತು?"

ರಾತ್ರಿ ಹತ್ತು ಗಂಟೆ. ನಾನು ಲ್ಯಾಪ್‌ಟಾಪಿನಲ್ಲಿ ಹೋಮ್ ಲೋನಿನ ಎಕ್ಸೆಲ್ ಶೀಟು ತೆರೆದು ಕೂತಿದ್ದೆ. ಒಂಬತ್ತು ವರ್ಷದ ಮಗಳು ಮಲಗೋ ಮುಂಚೆ ಓದುವ ಪುಸ್ತಕ ಎದೆ ಮೇಲೆ ಬೋರಲು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಕಿತ್ತೂರು ಚೆನ್ನಮ್ಮ ಇದ್ದಳು," ಅಂದೆ, ತಲೆ ಎತ್ತದೆ.

"ಅವಳು ಯಾವ ವರ್ಷ?"

"1824."

"ವೈಕಿಂಗ್ಸ್ ಫಸ್ಟ್ ಅಟ್ಯಾಕ್ ಮಾಡಿದ್ದು 793ರಲ್ಲಿ." ಸ್ವಲ್ಪ ಹೊತ್ತು ಮೇಲೆ ಫ್ಯಾನ್ ನೋಡಿ ಲೆಕ್ಕ ಹಾಕಿದಳು. "ಸಾವಿರದ ಮೂವತ್ತೊಂದು ವರ್ಷ ಮಿಸ್ಟೇಕ್, ಅಪ್ಪಾ."

ಇದು ಮಗುವಿನ ಚೂಟಿ ಮಾತು ಅಂತ ನಕ್ಕು ಬಿಡಬಹುದಿತ್ತು. ಆದರೆ ಅವತ್ತು ನನಗೆ ಹೊಳೆದದ್ದು, ಎಂ.ಕೆ. ಹುಬ್ಬಳ್ಳಿ ಸೀಮೆಯಲ್ಲಿ ಹುಟ್ಟಿ ಹದಿನೇಳು ವರ್ಷ ಅಲ್ಲೇ ಬೆಳೆದ ನನ್ನ ತಲೆಯಲ್ಲಿ ಇತಿಹಾಸ ಶುರುವಾಗುವುದೇ 1824ರಿಂದ. ಅಕ್ಟೋಬರ್ 23, ಥ್ಯಾಕರೆ ಸತ್ತ. ಆಮೇಲೆ ಬೈಲಹೊಂಗಲದಲ್ಲಿ ಚೆನ್ನಮ್ಮನ ಸೆರೆವಾಸ, ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು. ಶಾಲೆಯಲ್ಲಿ ಭಾಷಣ, ನಾಟಕ, ಗ್ಯಾದರಿಂಗ್, ಎಲ್ಲಾ ಇವೇ. ನಾನು ಎರಡು ವರ್ಷ ಮಲ್ಲಪ್ಪಶೆಟ್ಟಿಯ ಪಾರ್ಟು ಮಾಡಿ ಊರವರಿಂದ ನಿಜವಾಗಿಯೂ ಬೈಸಿಕೊಂಡವನು. ಅದಕ್ಕಿಂತ ಹಿಂದೆ ಹೋದರೆ ಗಂಗಾಂಬಿಕೆ. ಬಸವಣ್ಣನ ಹೆಂಡತಿ, ನಮ್ಮ ಹೊಳೆಯಲ್ಲೇ ಐಕ್ಯಳಾದವಳು, ಮಲಪ್ರಭೆಯಲ್ಲಿ ಅವಳ ಮಂಟಪ ಇದೆ. ಅಂದರೆ 12ನೇ ಶತಮಾನ. ಅದಕ್ಕೂ ಹಿಂದೆ? ಕತ್ತಲು.

ಮಗಳು ಓದುತ್ತಿದ್ದದ್ದು ಮ್ಯಾಜಿಕ್ ಟ್ರೀ ಹೌಸ್ ಸರಣಿಯ 'ವೈಕಿಂಗ್ ಶಿಪ್ಸ್ ಅಟ್ ಸನ್‌ರೈಸ್'. ಮೇರಿ ಪೋಪ್ ಆಸ್ಬರ್ನ್ ಅನ್ನುವವರು 1998ರಲ್ಲಿ ಬರೆದದ್ದು. ಮಕ್ಕಳಿರುವ ಬೆಂಗಳೂರಿನ ಮನೆಗಳಲ್ಲಿ ಈ ಸರಣಿಯ ನಾಲ್ಕಾದರೂ ಪುಸ್ತಕ ಸೋಫಾ ಸಂದಿಯಲ್ಲಿ ಸಿಗುತ್ತವೆ. ಜ್ಯಾಕ್ ಮತ್ತು ಆ್ಯನಿ ಅಂತ ಅಣ್ಣ-ತಂಗಿ. ಮರದ ಮೇಲೊಂದು ಪುಟ್ಟ ಮನೆ, ಅದರ ತುಂಬ ಪುಸ್ತಕ. ಯಾವ ಚಿತ್ರದ ಮೇಲೆ ಬೆರಳಿಟ್ಟು ಅಲ್ಲಿಗೆ ಹೋಗಬೇಕು ಅಂತಾರೋ ಮನೆ ಗಿರಗಿರ ತಿರುಗಿ ಅಲ್ಲಿಗೆ ಒಯ್ಯುತ್ತದೆ. ಈ ಸಲ ಹೋಗುವುದು ಐರ್ಲೆಂಡಿನ ಒಂದು ಕ್ರೈಸ್ತ ಮಠಕ್ಕೆ. ಸನ್ಯಾಸಿಗಳು ಕೂತು ಕೈಯಲ್ಲಿ ಪುಸ್ತಕ ಬರೆಯುತ್ತಿರುತ್ತಾರೆ, ಅಷ್ಟರಲ್ಲಿ ಸಮುದ್ರದಲ್ಲಿ ವೈಕಿಂಗ್ ಹಡಗು ಕಾಣುತ್ತವೆ. ಮಕ್ಕಳು ಒಂದು ಕಥೆಯನ್ನು ಉಳಿಸಿ ತರಬೇಕು, ಅಷ್ಟೇ. ನೂರು ಪುಟವೂ ಇಲ್ಲ. ಒಂದೇ ಕೂತದಲ್ಲಿ ನಾನೂ ಓದಿದೆ. ಸಾಹಿತ್ಯ ಅಂತ ದೊಡ್ಡದೇನಲ್ಲ. ಆದರೆ ಜ್ಯಾಕ್ ಎಲ್ಲಿ ಹೋದರೂ ಒಂದು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಾನಲ್ಲ, ಅದನ್ನು ನನ್ನ ಮಗಳು ಪೂರ್ತಿ ಕಲಿತುಬಿಟ್ಟಿದ್ದಾಳೆ.

ಮರುದಿನ ಆಫೀಸಿನಲ್ಲಿ ಸ್ಟ್ಯಾಂಡ್-ಅಪ್ ಕಾಲ್ ಮುಗಿದ ಮೇಲೆ ವೈಕಿಂಗ್ ಅಂತ ಹುಡುಕಿದೆ. ಮೊದಲ ಹೊಡೆತ ನನ್ನ ಕಿವಿಯಲ್ಲೇ ಇತ್ತು. ಬ್ಲೂಟೂತ್! ಹರಾಲ್ಡ್ ಬ್ಲೂಟೂತ್ ಅಂತ 10ನೇ ಶತಮಾನದ ಡೆನ್ಮಾರ್ಕಿನ ರಾಜ. ಇಂಟೆಲ್‌ನ ಜಿಮ್ ಕಾರ್ಡಾಕ್ ಎಂಬ ಇಂಜಿನಿಯರ್ ವೈಕಿಂಗ್ ಕಾಲದ ಕಥೆ-ಚರಿತ್ರೆ ಓದುತ್ತಿದ್ದಾಗ ಈ ರಾಜ ಸಿಕ್ಕ. ಬೇರೆ ಬೇರೆ ಬಣಗಳನ್ನು ಕೂಡಿಸಿದವನು ಅನ್ನೋ ಕಾರಣಕ್ಕೆ, ಬೇರೆ ಬೇರೆ ಕಂಪನಿಗಳ ಸಾಧನ ಕೂಡಿಸುವ ತಂತ್ರಜ್ಞಾನಕ್ಕೆ 1997ರಲ್ಲಿ ಸದ್ಯಕ್ಕೆ ಇರಲಿ ಅಂತ ಆ ಹೆಸರು ಸೂಚಿಸಿದ. ಸದ್ಯದ್ದು ಖಾಯಂ ಆಯಿತು. (ನಮ್ಮ ಕೋಡಿನಲ್ಲೂ ಹಾಗೇ. 'ಟೆಂಪ್' ಅಂತ ಹೆಸರಿಟ್ಟ ವೇರಿಯೇಬಲ್ಲುಗಳೇ ಹತ್ತು ವರ್ಷ ಬದುಕುತ್ತವೆ.) ಫೋನಿನಲ್ಲಿ ಕಾಣುವ ಆ ನೀಲಿ ಗುರುತು ಹರಾಲ್ಡನ ಹೆಸರಿನ ಎರಡು ರೂನ್ ಅಕ್ಷರ ಒಂದರ ಮೇಲೊಂದು ಕೂಡಿಸಿದ್ದು. ದಿನಕ್ಕೆ ಇಪ್ಪತ್ತು ಸಲ ಅದನ್ನು ಒತ್ತುತ್ತೇನೆ, ಸಾವಿರ ವರ್ಷದ ಹಿಂದಿನ ಲಿಪಿ ಅಂತ ಗೊತ್ತೇ ಇರಲಿಲ್ಲ. ಆ ಹರಾಲ್ಡ್ ತನ್ನ ಅಪ್ಪ-ಅಮ್ಮನ ನೆನಪಿಗೆ ಯೆಲ್ಲಿಂಗ್ ಎಂಬ ಊರಲ್ಲಿ ಒಂದು ಕಲ್ಲು ನಿಲ್ಲಿಸಿ ಅಕ್ಷರ ಕೆತ್ತಿಸಿದ, ಸುಮಾರು 965ರಲ್ಲಿ. ಡೇನರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಾರೆ.

ಕಲ್ಲು ಅಂದಕೂಡಲೇ ನನಗೆ ನಮ್ಮ ಹೊಲ ನೆನಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಅವತ್ತಿನಿಂದ ಮಲಗುವಾಗ ನಮ್ಮದೇ ಒಂದು ಟೈಮ್ ಟ್ರಾವೆಲ್ ಕಥೆ ಶುರುವಾಯಿತು. ಒಬ್ಬ ಹುಡುಗಿ, ಅಜ್ಜನ ಹೊಲ, ಹೊಲದಲ್ಲಿ ಒಂದು ಕಲ್ಲು. ಕಲ್ಲಿಗೆ ಹಣೆ ಮುಟ್ಟಿಸಿದರೆ ಕ್ರಿ.ಶ. 950. ಮೊದಲ ರಾತ್ರಿಯೇ ಕಥೆ ಕ್ರ್ಯಾಶ್ ಆಯಿತು. ಹುಡುಗಿಗೆ ಹಸಿವಾಯಿತು ಅಂತ ಒಬ್ಬ ಆಯಿಯ ಮನೆಗೆ ಕರೆದೊಯ್ದು ಖಾರದ ಚಟ್ನಿ, ಶೇಂಗಾ ಹೋಳಿಗೆ ತಿನ್ನಿಸಿದೆ. ಬೆಳಿಗ್ಗೆ ಚೆಕ್ ಮಾಡಿದರೆ ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೆಟೊ, ಗೋವಿನಜೋಳ ಎಲ್ಲವೂ ಅಮೆರಿಕ ಖಂಡದವು. ಕೊಲಂಬಸ್ ಹೋಗಿ ಬಂದ ಮೇಲೆ, ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡೆ ಬಂದವು. ಬ್ಯಾಡಗಿ ಇತ್ತೋ ಇಲ್ಲವೋ, ಬ್ಯಾಡಗಿ ಮೆಣಸಿನಕಾಯಿಯಂತೂ ಇರಲಿಲ್ಲ. ಜೋಳದ ರೊಟ್ಟಿಗೆ ಖಾರ ಇಲ್ಲ ಅಂದರೆ ನಮ್ಮ ಕಡೆ ಮನುಷ್ಯರು ಹೆಂಗೆ ಬದುಕಿದ್ದರು? ನನಗಂತೂ ವೈಕಿಂಗರಿಗಿಂತ ಇದೇ ಭಯಂಕರ ಅನ್ನಿಸಿತು. ಎರಡನೇ ರಾತ್ರಿ ಬಗ್ ಫಿಕ್ಸ್: ಕರಿ ಮೆಣಸು, ಎಳ್ಳು, ಬೆಲ್ಲ.

ಮೂರನೇ ರಾತ್ರಿ ಭಾಷೆಯ ತೊಂದರೆ. 950ರ ಕನ್ನಡದಲ್ಲಿ ನಮ್ಮ 'ಹ' ಇನ್ನೂ 'ಪ'. ಹಾಲಲ್ಲ ಪಾಲು, ಹುಲಿಯಲ್ಲ ಪುಲಿ, ಹಂದಿಯಲ್ಲ ಪಂದಿ, ಹೂವಲ್ಲ ಪೂ, ಹೆಸರಲ್ಲ ಪೆಸರು. ಮಗಳಿಗೆ ಇದು ಸಿಕ್ಕಿದ್ದೇ ತಡ, ಒಂದು ವಾರ ಮನೆಯಲ್ಲಿ ಬೇರೆ ಭಾಷೆಯೇ ಇಲ್ಲ. "ಅಮ್ಮಾ, ಪಾಲು ಬೇಡ, ಪಣ್ಣು ಕೊಡು." ಹೆಂಡತಿ ಶಿವಮೊಗ್ಗದವಳು. ಮೊದಲೇ ನನ್ನ ಭಾಷೆಯಿಂದ ಸಾಕಾಗಿದ್ದಾಳೆ.

ಈ ಭಾಷೆಯ ಸಂಗತಿ ನನಗೆ ಸ್ವಲ್ಪ ಹುಣ್ಣಿದ್ದ ಹಾಗೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೊದಲ ವಾರ, ಕ್ಯಾಂಟೀನಿನಲ್ಲಿ ಫೋನಲ್ಲಿ ಅವ್ವನಿಗೆ "ಊಟಾ ಮಾಡಾಕತ್ತೇನಿ" ಅಂದಿದ್ದಕ್ಕೆ ಪಕ್ಕದ ಟೇಬಲ್ಲಿನವರು ಸಿನಿಮಾ ಕಾಮಿಡಿ ನೋಡಿದ ಹಾಗೆ ನಕ್ಕಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಅವತ್ತಿನಿಂದ ಫೋನ್ ಬಂದರೆ ಮೆಟ್ಟಿಲ ಹತ್ತಿರ ಹೋಗಿ ಮಾತಾಡುವುದು ರೂಢಿಯಾಯಿತು. ಈಗ ನನ್ನ ಮಗಳೇ ವಿಡಿಯೋ ಕಾಲಿನಲ್ಲಿ ಅಜ್ಜನ ಮಾತಿಗೆ ಕಿಸಕ್ಕನೆ ನಗುತ್ತಾಳೆ.

ಹಳಗನ್ನಡದ ಬಗ್ಗೆ ಕೆದಕುವಾಗ 'ಕವಿರಾಜಮಾರ್ಗ' ಸಿಕ್ಕಿತು. ಸುಮಾರು 850ರದ್ದು, ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದದ್ದು. ಕಾವೇರಿಯಿಂದ ಗೋದಾವರಿಯವರೆಗೆ ಅನ್ನೋ ಮಾತು ಎಲ್ಲರಿಗೂ ಗೊತ್ತು, ನವೆಂಬರ್ ಒಂದಕ್ಕೆ ವಾಟ್ಸ್ಯಾಪಿನಲ್ಲಿ ಬಂದೇ ಬರುತ್ತದೆ. ಆದರೆ ಅದೇ ಜಾಗದಲ್ಲಿ ಕನ್ನಡದ ತಿರುಳು ಎಲ್ಲಿದೆ ಅಂತಲೂ ಹೇಳಿದ್ದಾನೆ. ನಾಲ್ಕು ಊರ ನಡುವಿನ ನಾಡು. ಕಿಸುವೊಳಲ್, ಅಂದರೆ ಪಟ್ಟದಕಲ್ಲು. ಕೊಪಣ, ಇವತ್ತಿನ ಕೊಪ್ಪಳ. ಪುಲಿಗೆರೆ, ಲಕ್ಷ್ಮೇಶ್ವರ. ನಾಲ್ಕನೆಯದು ಒಕ್ಕುಂದ. ಅದು ಬೈಲಹೊಂಗಲ ತಾಲೂಕಿನ ವಕ್ಕುಂದ!

ವಕ್ಕುಂದ ನನಗೆ ಗೊತ್ತಿರುವ ಊರು. ನಮ್ಮ ಹೊಳೆಗುಂಟ ಕೆಳಗೆ ಹೋದರೆ ಸಿಗುತ್ತದೆ. ನಮ್ಮ ದೂರದ ಬೀಗರೊಬ್ಬರ ಮದುವೆಗೆ ಹೋಗಿ, ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ನಿಂತು ಬಂದಿದ್ದೇನೆ. ಸಾವಿರದ ನೂರಾ ಎಪ್ಪತ್ತು ವರ್ಷದ ಹಿಂದೆ ಕನ್ನಡ ಸರಿಯಾಗಿ ಎಲ್ಲಿ ಆಡುತ್ತಾರೆ ಅಂದರೆ ಈ ಕಡೆ ಬೆರಳು ತೋರಿಸಿದ್ದರು. ಎದೆ ಉಬ್ಬಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಶಾಲೆಯಲ್ಲಿ ಯಾರೋ ಹೇಳಿದ್ದಿರಬಹುದು, ಎರಡು ಮಾರ್ಕಿನ ಪ್ರಶ್ನೆಗೆ ನಾನೇ ಬಾಯಿಪಾಠ ಮಾಡಿರಲೂಬಹುದು. ಆದರೆ "ಅದು ಈ ಹೊಳಿ ದಂಡಿ ಊರs ಲೇ" ಅಂತ ಬೆರಳು ತೋರಿಸಿ ಯಾರೂ ಹೇಳಲಿಲ್ಲ. ಆ ಮೆಟ್ಟಿಲ ಹತ್ತಿರ ನಿಂತು ಪಿಸುಗುಟ್ಟಿದ ಅಷ್ಟು ವರ್ಷ ನೆನಪಾದವು. ಮಗಳ ಪ್ರಶ್ನೆಗೆ ಉತ್ತರವಂತೂ ಸಿಕ್ಕಿತು. ವೈಕಿಂಗರು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠಕ್ಕೆ ನುಗ್ಗಿ ಅರವತ್ತು ವರ್ಷವೂ ಆಗಿರಲಿಲ್ಲ, ಇಲ್ಲಿ ಕಾವ್ಯ ಹೆಂಗೆ ಬರೆಯಬೇಕು ಅಂತ ಪುಸ್ತಕ ತಯಾರಾಗುತ್ತಿತ್ತು.

"ಹಾಗಾದ್ರೆ ವೈಕಿಂಗ್ಸಿಗೆ ನಮ್ಮ ಬಗ್ಗೆ ಗೊತ್ತಿತ್ತಾ?" ಅಂತ ಮಗಳು. ವೈಕಿಂಗರಿಗೆ ಗೊತ್ತಿತ್ತೋ ಇಲ್ಲವೋ, ಇಬ್ಬರನ್ನೂ ಬಲ್ಲ ಒಬ್ಬ ಮನುಷ್ಯ ಇದ್ದ. ಅಲ್ ಮಸೂದಿ, ಬಾಗ್ದಾದಿನವನು. 915ರ ಸುಮಾರಿಗೆ ನಮ್ಮ ಪಶ್ಚಿಮ ಕರಾವಳಿಗೆ ಬಂದಿದ್ದ. 940ರ ದಶಕದಲ್ಲಿ ದೊಡ್ಡ ಪುಸ್ತಕ ಬರೆದ. ಅದರಲ್ಲಿ 'ಬಲ್ಹರಾ' ರಾಜ, ಅವನ ರಾಜಧಾನಿ 'ಮಾನ್ಕೀರ್' ಬರುತ್ತವೆ. ಬಲ್ಹರಾ ಅಂದರೆ ರಾಷ್ಟ್ರಕೂಟರ ವಲ್ಲಭರಾಜ, ಮಾನ್ಕೀರ್ ಅಂದರೆ ಮಾನ್ಯಖೇಟ, ಇವತ್ತಿನ ಸೇಡಂ ತಾಲೂಕಿನ ಮಳಖೇಡ. ಅದೇ ಪುಸ್ತಕದಲ್ಲಿ 'ರೂಸ್' ಎಂಬ ಜನ ಹಡಗುಗಳಲ್ಲಿ ಕ್ಯಾಸ್ಪಿಯನ್ ಸಮುದ್ರಕ್ಕೆ ಇಳಿದು ಊರೂರು ಕೊಳ್ಳೆ ಹೊಡೆದದ್ದೂ ಬರುತ್ತದೆ. ಆ ರೂಸರು ನದಿಗುಂಟ ಪೂರ್ವಕ್ಕೆ ಬಂದ ವೈಕಿಂಗರು. ಒಂದೇ ಪುಸ್ತಕದಲ್ಲಿ ನಾವೂ ಇದ್ದೇವೆ, ಅವರೂ ಇದ್ದಾರೆ. ಇನ್ನೂ ಬೇಕಾದರೆ, ಸ್ವೀಡನ್ನಿನ ಹೆಲ್ಗೊ ಎಂಬ ದ್ವೀಪದಲ್ಲಿ ಅಗೆದಾಗ ಅಂಗೈಯಷ್ಟು ಕಂಚಿನ ಬುದ್ಧ ಸಿಕ್ಕಿದ್ದಾನೆ, ನಮ್ಮ ಉಪಖಂಡದ ವಾಯವ್ಯ ಮೂಲೆಯಲ್ಲಿ ಮಾಡಿದ್ದು. ಯಾರ ಕೈಯಿಂದ ಯಾರ ಕೈಗೆ ದಾಟಿ ಅಲ್ಲಿ ಮುಟ್ಟಿದನೋ. ಮಗಳು ಮಸೂದಿಯನ್ನು ಕಥೆಯೊಳಗೆ ಎಳೆದುಕೊಂಡಳು. ಅವನಿಗೊಂದು ಒಂಟೆ ಕೊಟ್ಟಳು. ಮಲಪ್ರಭೆ ದಾಟುವಾಗ ಒಂಟೆ ಹೆದರಿತು.

ನಾಯಿ ಬೇಕು ಅಂತ ಹಟ ಹಿಡಿದದ್ದಕ್ಕೆ ಕಾಳಿ ಬಂತು. ಇದು ನನ್ನ ಕಲ್ಪನೆ ಅಲ್ಲ. 949ರಲ್ಲಿ ತಕ್ಕೋಲದ ಯುದ್ಧ, ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ. ಗಂಗರ ಬೂತುಗ ಅವನ ಜೊತೆಗಿದ್ದ. ಬೂತುಗನ ಕೈಕೆಳಗೆ ಮಣಲೇರ ಅಂತ ಒಬ್ಬ ವೀರ. ಏನು ಬೇಕೋ ಕೇಳು ಅಂದರೆ ಮಣಲೇರ ಭೂಮಿ ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿ ಕೇಳಿದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿದ. ನಾಯಿ-ಹಂದಿಯ ಕೆತ್ತನೆ ಸಮೇತ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನ ಆಸ್ತಿ. ಹರಾಲ್ಡ್ ಅಪ್ಪ-ಅಮ್ಮನಿಗೆ ಕಲ್ಲು ನಿಲ್ಲಿಸುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ನಮ್ಮವನೊಬ್ಬ ನಾಯಿಗೆ ನಿಲ್ಲಿಸಿದ್ದ. ಕಬ್ಬನ್ ಪಾರ್ಕಿಗೆ ಹೋಗುವಾಗ ಎಷ್ಟು ಸಲ ಆ ಕೆಂಪು ಕಟ್ಟಡದ ಮುಂದೆ ಪಾರ್ಕಿಂಗ್ ಹುಡುಕಿಲ್ಲ ನಾನು.

ಈಗ ನಮ್ಮ ಹೊಲಕ್ಕೆ ಬರುತ್ತೇನೆ.

ನಮ್ಮದು ಹೊಳೆಯಿಂದ ಸ್ವಲ್ಪ ಮೇಲಿರುವ ಎರಡೆಕರೆ ಎರೆ ಹೊಲ. ಮೂಲೆಯಲ್ಲಿ ಎದೆಮಟ್ಟದ ಒಂದು ಕಲ್ಲು. ಊರಲ್ಲಿ ಅದಕ್ಕೆ ಕಲ್ಲಪ್ಪನ ಹೊಲ ಅಂತಲೇ ಹೆಸರು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವಾಗ ಮೊದಲ ಎಡೆ ಕಲ್ಲಪ್ಪಗ. ಉಳಿದ ದಿನ ಕಲ್ಲಪ್ಪ ನಮ್ಮ ವಿಕೆಟ್. ನಾನೇ ಇದ್ದಿಲಿನಿಂದ ಮೂರು ಗೆರೆ ಎಳೆಯುತ್ತಿದ್ದೆ. ರಬ್ಬರ್ ಚೆಂಡಿನಿಂದ ಏನೂ ಆಗುತ್ತಿರಲಿಲ್ಲ, ಕಾರ್ಕ್ ಬಾಲ್ ಬಂದ ವರ್ಷ ಬಲಗಡೆಯ ತುದಿಯಲ್ಲಿ ಒಂದು ಚಕ್ಕೆ ಹಾರಿತು. ಅದನ್ನು ಅಪ್ಪನಿಗೆ ಇವತ್ತಿನವರೆಗೆ ಹೇಳಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಹೊಲದ ಮಣ್ಣು ಕೊಚ್ಚಿ ಕಲ್ಲು ಬೋರಲು ಬಿತ್ತು. ಮರುವರ್ಷ ಕೊರೋನಾ. ಅದು ಬಿದ್ದೇ ಇತ್ತು.

ಎಕ್ಸೆಲ್ ಶೀಟಿನಲ್ಲಿದ್ದದ್ದೂ ಇದೇ ಹೊಲ. ಎಲೆಕ್ಟ್ರಾನಿಕ್ ಸಿಟಿ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟು, ಡೌನ್ ಪೇಮೆಂಟಿಗೆ ದುಡ್ಡು ಸಾಲದು. ಅಪ್ಪನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಹೋಗಿವೆ, ಹೊಲ ಲಾವಣಿಗೆ ಕೊಟ್ಟು ಆರು ವರ್ಷವಾಯಿತು. ಮಾರೋಣ ಅಂತ ಹೇಳಿದವನು ನಾನು. ಅಪ್ಪ "ಆತು" ಅಂದಿದ್ದ. ಬೇಡ ಅನ್ನಲಿಲ್ಲ, ಹೂಂ ಅಂತ ಖುಷಿಯಾಗಿಯೂ ಅನ್ನಲಿಲ್ಲ. ಗಿರಾಕಿಯೂ ಸಿಕ್ಕಿದ್ದ.

ಡಿಸೆಂಬರಿನಲ್ಲಿ ಮಗಳ ಸ್ಕೂಲಿಗೆ ಕ್ರಿಸ್‌ಮಸ್ ರಜೆ, ಎಳ್ಳ ಅಮಾವಾಸ್ಯೆಯೂ ಕೂಡಿ ಬಂತು. ಹೈವೇ ತುಂಬ ಕಬ್ಬಿನ ಟ್ರ್ಯಾಕ್ಟರು. ಮನೆ ಮುಟ್ಟಿದ ಕೂಡಲೇ ಮಗಳು ನೋಟ್‌ಬುಕ್ ತೆಗೆದಳು.

"ಏನ್ ಬರಿಯಾಕತ್ತೀಯವ್ವಾ?" ಅಂದ ಅಪ್ಪ.

"ಅಜ್ಜಾ, ಪೊಲಕ್ಕೆ ಪೋಗೋಣ," ಅಂದಳು.

ಅಪ್ಪ ನನ್ನ ಮುಖ ನೋಡಿದ. ಬೆಂಗಳೂರಿನಾಗ ಇದೇನ್ ಕಲಸಾಕತ್ತಾರ ಅನ್ನೋ ನೋಟ.

ಚರಗದ ದಿನ ಅವ್ವ ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಮೊಸರ ಬಾನ ಕಟ್ಟಿಕೊಂಡಳು. ಮಗಳು ಬುಟ್ಟಿಯಲ್ಲಿ ಬಗ್ಗಿ ನೋಡಿ ಯಾವ ಯಾವುದು 950ರಲ್ಲಿ ಇರಲಿಲ್ಲ ಅಂತ ಆಯಿಗೆ ಪಟ್ಟಿ ಒಪ್ಪಿಸಿದಳು. "ಇಲ್ಲದಿದ್ರ ಅವ್ರ ಕರ್ಮ, ನೀ ತಿನ್ನ," ಅಂದಳು ಅವ್ವ.

ಹೊಲದಲ್ಲಿ ಬಿಳಿಜೋಳ ತೆನೆ ಬಿಡುತ್ತಿತ್ತು. ನಾನು, ಲಾವಣಿ ಮಾಡುವವರು, ಅವರ ಮಗ ಸೇರಿ ಹಾರೆ ಹಾಕಿ ಕಲ್ಲು ಮಗ್ಗುಲಾಗಿಸಿದೆವು. ಆರು ವರ್ಷ ಮಣ್ಣಿಗೆ ಮುಖ ಕೊಟ್ಟಿತ್ತಲ್ಲ, ಎಣ್ಣೆ-ಸುಣ್ಣ-ಕುಂಕುಮದ ಹಳೇ ಪದರು ಬಿಟ್ಟು ಹೋಗಿತ್ತು. ಬಾಟಲಿ ನೀರು ಹಾಕಿ ತೊಳೆದರೆ, ನನ್ನ ಜೀವಮಾನದಲ್ಲಿ ಮೊದಲ ಸಲ ಕಲ್ಲಪ್ಪನ ಮೈ ಕಂಡಿತು. ಮೂರು ಅಂತಸ್ತು. ಕೆಳಗೆ ಒಬ್ಬ ಮನುಷ್ಯ, ಕೈಯಲ್ಲಿ ಕತ್ತಿ, ಎದುರಿಗೆ ಇಬ್ಬರು, ಹಿಂದೆ ದನಗಳ ಹಾಗೆ ಏನೋ. ನಡುವೆ ಅವನನ್ನು ಇಬ್ಬರು ಹೆಂಗಸರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನೇ ಕೈಮುಗಿದು ಕೂತಿದ್ದಾನೆ, ತುದಿಯಲ್ಲಿ ಚಂದ್ರ. ಸೂರ್ಯ ಇರಬೇಕಾದ ಬಲಗಡೆ ಚಕ್ಕೆ ಹಾರಿದೆ.

ವೀರಗಲ್ಲು. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನದ್ದು ಇರಬೇಕು, ಕರ್ನಾಟಕದಲ್ಲಿ ಇಂಥವು ಬೇಕಾದಷ್ಟಿವೆ. ಅಕ್ಷರ ಒಂದೂ ಇಲ್ಲ. ಯಾವ ಶತಮಾನ, ಹೆಸರೇನು, ಯಾವುದೂ ಇಲ್ಲ. 950 ಅನ್ನೋದು ನನ್ನ ಕಥೆ ಅಷ್ಟೇ. ಮಗಳು ಮೂರೂ ಅಂತಸ್ತು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡಳು. ಮುರಿದ ಜಾಗಕ್ಕೆ ಬಂದು "ಇಲ್ಲಿ ಏನಿತ್ತು?" ಅಂದಳು.

"ಸೂರ್ಯ."

"ಯಾರು ಮುರಿದ್ರು?"

ಅಪ್ಪ ಜೋಳದ ತೆನೆ ಮುಟ್ಟಿ ನೋಡುತ್ತ ಅಲ್ಲೇ ನಿಂತಿದ್ದ. "ಅದನ್ಯಾಕ ಕೇಳ್ತಿ, ನಿಮ್ಮಪ್ಪನ ಟೀಮ್ ಭಾಳ ಜೋರಿತ್ತ," ಅಂದ. ಗೊತ್ತಿತ್ತು ಅವನಿಗೆ. ಇಪ್ಪತ್ತೈದು ವರ್ಷದಿಂದ ಗೊತ್ತಿತ್ತು.

ಮಗಳ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. "ಹುಡುಗಿಯರಿಗೆ ಕಲ್ಲು ನಿಲ್ಲಿಸ್ತಿರಲಿಲ್ವಾ?" ನಿಲ್ಲಿಸುತ್ತಿದ್ದರು. ಬಳೆ ತೊಟ್ಟು ಮೇಲಕ್ಕೆತ್ತಿದ ಕೈ ಇರುವ ಮಾಸ್ತಿಕಲ್ಲು ನಾನು ನೋಡಿದ್ದೇನೆ. ಗಂಡ ಸತ್ತಾಗ ಜೊತೆಗೇ ಸುಟ್ಟುಕೊಂಡವಳದ್ದು. ಇದನ್ನು ಒಂಬತ್ತು ವರ್ಷದವಳಿಗೆ ಹೆಂಗೆ ಹೇಳುವುದು? ಬೆಳವಡಿ ಮಲ್ಲಮ್ಮನ ಕಥೆಗೆ ಹೊರಳಿಸಿದೆ. ಶಿವಾಜಿಯ ಸೈನ್ಯದ ಎದುರು ನಿಂತವಳು, ಇಲ್ಲೇ ಬೈಲಹೊಂಗಲ ತಾಲೂಕಿನವಳು. ಮಗಳು ಬರೆದುಕೊಂಡಳು, ಆದರೆ ನಾನು ಜಾರಿಕೊಂಡೆ ಅಂತ ಅವಳಿಗೆ ಗೊತ್ತಾಯಿತು. ಟೈಮ್ ಟ್ರಾವೆಲ್ ಪುಸ್ತಕಗಳ ಮಜಾ ಏನೆಂದರೆ ಅಪಾಯ ಬಂದ ಕೂಡಲೇ ಮರದ ಮನೆ ಹತ್ತಿ ವಾಪಸ್ ಬರಬಹುದು. 950ರಲ್ಲಿ ನಿಜವಾಗಿ ಹುಟ್ಟಿದ ಹುಡುಗಿಗೆ ಮರದ ಮನೆ ಇರಲಿಲ್ಲ. ವೈಕಿಂಗರು ಹಿಡಿದು ಮಾರುತ್ತಿದ್ದ ಐರಿಶ್ ಹುಡುಗಿಯರಿಗೂ ಇರಲಿಲ್ಲ.

ಊಟಕ್ಕೆ ಕೂತಾಗ ಗಿರಾಕಿ ಬೈಕಿನಲ್ಲಿ ಬಂದ. ಒಳ್ಳೇ ಮನುಷ್ಯ, ಹೋಳಿಗೆ ತಿಂದ. ಮಗ್ಗುಲಾಗಿ ಬಿದ್ದ ಕಲ್ಲು ನೋಡಿ, "ಇದು ಬಾಂದಗಲ್ಲೇನ್ರಿ? ಜೆಸಿಬಿ ಬಂದಾಗ ಹೊಳಿ ಕಡೆ ಸರಸಿಬಿಡೂಣು," ಅಂದ. ಅಪ್ಪ ಮೊಸರ ಬಾನ ಕಲಸುತ್ತಲೇ ಇದ್ದ. ನಾನೂ ಏನೂ ಅನ್ನಲಿಲ್ಲ. ಮಗಳು ಮಾತ್ರ ಅವನನ್ನು ಸನ್ಯಾಸಿಗಳ ಮಠದ ಕಿಟಕಿಯಿಂದ ವೈಕಿಂಗ್ ಹಡಗು ನೋಡಿದ ಹಾಗೆ ನೋಡಿದಳು.

ಬೆಂಗಳೂರಿಗೆ ಬಂದು ಹದಿನೈದು ದಿನಕ್ಕೆ ಅಪ್ಪನ ಫೋನು. ಮೀಟಿಂಗಿನಲ್ಲಿದ್ದೆ, ಮ್ಯೂಟ್ ಮಾಡಿ ಅಲ್ಲೇ ಕೂತು ಮಾತಾಡಿದೆ.

"ಕಲ್ಲ ನಿಲ್ಲಿಸಿದ್ವಿ. ಐದ ಮಂದಿ ಬೇಕಾತ ನೋಡ. ಬುಡಕ ಸಿಮೆಂಟ್ ಹಾಕೇವಿ."

"ಛಲೋ ಆತಪಾ."

"ಆ ಮನಶ್ಯಾಗ ಹೇಳೇನಿ, ಹೊಲಾ ಕೊಡ್ತೀವಿ, ಕಲ್ಲಿನ ಸುತ್ತ ಎರಡ ಗುಂಟೆ ನಮಗ ಇರಲಿ, ಹಾದೀನೂ ಬೇಕ ಅಂತ. ಹೊಲದ ಮೂಲಿ ಹೋತಂದ್ರ ಹೊಲಾನ ಕೆಡತೈತಿ, ರೇಟ್ ಇಳಸ್ತೀನಿ ಅಂದ. ನಾ ಹೂಂ ಅಂದಿಲ್ಲ. ರೊಕ್ಕ ಬೇಕಾಗಿದ್ದ ನಿನಗ. ಎಷ್ಟ ಕಮ್ಮಿ ಆದ್ರ ನಡೀತೈತಿ ನಿನಗ? ಶನಿವಾರ ಬರ್ತಾನ ಅಂವಾ."

ನೋಡಿ ಹೇಳ್ತೀನಿ ಅಂದೆ. ರಾತ್ರಿ ಎಕ್ಸೆಲ್ ಶೀಟು ತೆರೆದು ಡೌನ್ ಪೇಮೆಂಟಿನ ಕಾಲಮ್ಮಿನಲ್ಲಿ ಒಂದು ಲಕ್ಷ ಇಳಿಸಿದೆ, ಇಎಂಐ ಏರಿತು. ಎರಡು ಲಕ್ಷ ಇಳಿಸಿದೆ, ಇನ್ನೂ ಏರಿತು. ಮಂಚದ ಮೇಲಿಂದ ಮಗಳು ಕೇಳಿದಳು, ಮಸೂದಿಯ ಒಂಟೆ ಹೊಳೆ ದಾಟಿತಾ ಇಲ್ವಾ ಅಂತ. ಇವತ್ತು ಗುರುವಾರ.